ವರದಿಗಳೆಲ್ಲ ಸರಿಯಿದ್ದರೂ ಎದೆ ಹೊಡೆದುಕೊಳ್ಳುವುದು ಏಕೆ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಬಸ್ಸಿನಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಎದೆ ಡವಡವಗುಟ್ಟಿ, ಬೆರಳುಗಳು ಜೋಮು ಹಿಡಿದು, ಸತ್ತೇಹೋಗುತ್ತೇನೆಂದು ಗಾಬರಿಗೊಳ್ಳುತ್ತಾನೆ. ಇಸಿಜಿ, ಎಕೋ ಎಲ್ಲವೂ ಸರಿಯಾಗಿವೆ. ಈಗ ಬಸ್ಸು ಹತ್ತುವುದನ್ನೇ ಬಿಟ್ಟಿದ್ದಾನೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಇದೇ ತೊಂದರೆಯಿಂದ ಚೇತರಿಸಿಕೊಂಡವರೊಬ್ಬರು: ಅಕ್ಕ, ವರದಿ ಸರಿಯಿದೆ ಎಂದರೆ ಆ ಪರೀಕ್ಷೆಗಳಲ್ಲಿ ಹೃದಯದ ರೋಗ ಕಂಡುಬಂದಿಲ್ಲ ಎಂದಷ್ಟೇ ಅರ್ಥ, ನಿಮ್ಮ ತಮ್ಮ ಪಡುತ್ತಿರುವ ಸಂಕಟ ಸುಳ್ಳೆಂದಲ್ಲ. ನನ್ನ ಮನೋವೈದ್ಯರು ವಿವರಿಸಿದಂತೆ, ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಅಮಿಗ್ಡಲ ಎಂಬ ಪುಟ್ಟ ಭಾಗ ಎಚ್ಚೆತ್ತು, ಅಡ್ರಿನಲಿನ್ ಎಂಬ ಹಾರ್ಮೋನು ಸ್ರವಿಸಿ, ಓಡುವುದಕ್ಕೋ ಎದುರಿಸುವುದಕ್ಕೋ ದೇಹ ಅಣಿಯಾಗುತ್ತದೆ. ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ. ಆ ಬಿರುಸಿನಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿಗಳಲ್ಲಿ ಜೋಮು ಕಾಣಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಅಪಾಯವೇನೂ ಇಲ್ಲದಿರುವಾಗ ಮನಸ್ಸು ಇದಕ್ಕೊಂದು ಕಾರಣ ಹುಡುಕಿ, ಹೃದಯಾಘಾತವೇ ಇರಬೇಕೆಂದು ತೀರ್ಮಾನಿಸುತ್ತದೆ, ಆ ಭಯ ಬಡಿತವನ್ನು ಇನ್ನಷ್ಟು ಏರಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ಗಾಬರಿ ತುತ್ತತುದಿಗೇರಿ, ಬಳಿಕ ತಾನಾಗಿಯೇ ಇಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಚಿಂತೆ, ಅವನು ಬಸ್ಸನ್ನೇ ಬಿಟ್ಟಿರುವುದು. ಇಳಿದೊಡನೆ ಸಿಗುವ ನೆಮ್ಮದಿ 'ಇಳಿದದ್ದರಿಂದಲೇ ಬದುಕಿದೆ' ಎಂಬ ಪಾಠವನ್ನು ಮಿದುಳಿಗೆ ಕಲಿಸುತ್ತದೆ. ಆಮೇಲೆ ಸಂತೆ, ಮದುವೆಮನೆ, ಆಫೀಸು ಒಂದೊಂದಾಗಿ ಕೈಬಿಡುತ್ತಾ ಹೋಗುತ್ತವೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ನನಗೆ ಮೊದಲು ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಲ್ಲಲು ಹೇಳಿದರು, ನಂತರ ಒಂದೇ ಸ್ಟಾಪಿನವರೆಗೆ ಹೋಗಲು. ಆ ಪ್ರಯಾಣದಲ್ಲಿ ಬೆವರಿದ ಅಂಗೈಯೊಳಗೆ ಟಿಕೆಟ್ಟು ಒದ್ದೆಯಾಗಿ ಮುದುಡಿಹೋಗಿತ್ತು, ಆದರೂ ಇಳಿಯದೆ ಕುಳಿತೆ, ಗಾಬರಿ ತಗ್ಗುವುದನ್ನು ಬಸ್ಸಿನೊಳಗೇ ಅನುಭವಿಸಿದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಬೇಕೇ ಹೊರತು, ಬಲವಂತವಾಗಿ ದೂರದ ಬಸ್ಸು ಹತ್ತಿಸಬೇಡಿ.

ಮಗಳ ಆತಂಕವನ್ನು ಕಂಡ ತಾಯಿಯೊಬ್ಬರು: 'ಏನೂ ಇಲ್ಲ, ಧೈರ್ಯ ತಂದುಕೋ' ಎಂದರೆ ತನ್ನನ್ನು ಯಾರೂ ನಂಬುತ್ತಿಲ್ಲವೆಂದು ಅವಳಿಗೆ ಅನ್ನಿಸುತ್ತಿತ್ತು. 'ಕಷ್ಟವಾಗುತ್ತಿದೆ ಎಂದು ಗೊತ್ತು, ಗಾಬರಿ ಇಳಿಯುವವರೆಗೂ ಜೊತೆಗಿರುತ್ತೇನೆ, ಉಸಿರನ್ನು ನಿಧಾನವಾಗಿ ಹೊರಗೆ ಬಿಡು' ಎನ್ನುವುದು ಹೆಚ್ಚು ಉಪಕಾರಿ. ಆದರೆ ಅವಳು ಮತ್ತೆ ಮತ್ತೆ ಕೈ ಚಾಚಿ ನಾಡಿ ನೋಡೆಂದಾಗ ನೋಡುವುದನ್ನು, ಆಪ್ತಸಮಾಲೋಚಕರ ಸಲಹೆಯಂತೆ, ಮೆಲ್ಲಗೆ ಕಡಿಮೆ ಮಾಡಿದೆ.

ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿಯೊಬ್ಬರು: ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಮಾಡಿಸಿ, ಏಕೆಂದರೆ ಅದು ಹೆಚ್ಚಾದಾಗಲೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಕಾಫಿ ಕಡಿಮೆ ಮಾಡಲಿ. ವೈದ್ಯರು ಆತಂಕಕ್ಕೆ ದೀರ್ಘಕಾಲದ ಮಾತ್ರೆ ಬರೆದರೆ ಅದರ ಗುಣ ತಿಳಿಯಲು ಕೆಲವು ವಾರಗಳೇ ಬೇಕು. ನಡುವೆ ತಾವಾಗಿಯೇ ನಿಲ್ಲಿಸಬಾರದು. ತಕ್ಷಣ ಶಮನ ನೀಡುವ ಕೆಲವು ಮಾತ್ರೆಗಳು ಚಟವಾಗಬಲ್ಲವಾದ್ದರಿಂದ ಅವನ್ನು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಮೊದಲ ಹೆಜ್ಜೆಯಾಗಿ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆದರೆ ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಂಡಿದಂತಾದರೆ ಅಥವಾ ಪ್ರಜ್ಞೆ ತಪ್ಪಿದರೆ, ಅದನ್ನು ಆತಂಕವೆಂದು ಭಾವಿಸದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.