ಮಳೆ ಶುರುವಾದರೆ ಅತ್ತೆ ಮಲಗುವುದಿಲ್ಲ, ಏನು ಮಾಡಲಿ?

ನಮ್ಮ ಅತ್ತೆಗೆ 68 ವರ್ಷ. 2018ರ ಆಗಸ್ಟಿನಲ್ಲಿ ಮಡಿಕೇರಿ ಹತ್ತಿರ ಅವರ ಮನೆ ಮತ್ತು ಅರ್ಧ ತೋಟ ಗುಡ್ಡದ ಜೊತೆಗೇ ಹೋಯಿತು. ಈಗ ಸರ್ಕಾರ ಕಟ್ಟಿಕೊಟ್ಟ ಮನೆಯಲ್ಲಿದ್ದಾರೆ. ಸಮತಟ್ಟು ಜಾಗ, ಮನೆ ಹಿಂದೆ ಕಡಿದಾದ ಮಣ್ಣಿನ ಬರೆಯೂ ಇಲ್ಲ. ಆದರೂ ಜೂನ್ ಬಂತೆಂದರೆ ರಾತ್ರಿಯೆಲ್ಲ ಕಿಟಕಿ ಪಕ್ಕ ಕೂತಿರುತ್ತಾರೆ. "ಏನೂ ಆಗಲ್ಲ ಅತ್ತೆ, ಮಲಗಿ" ಅಂತ ಹೇಳಿ ಹೇಳಿ ಸಾಕಾಯಿತು. ನಾನು, ಮನೆಯವರು ಇಬ್ಬರೂ ಮೈಸೂರಿನಲ್ಲಿ ಕೆಲಸದಲ್ಲಿದ್ದೇವೆ. ಇಂಥದ್ದನ್ನು ದಾಟಿ ಬಂದವರು ಏನು ಮಾಡಿದಿರಿ, ದಯವಿಟ್ಟು ಹೇಳಿ.

ಮಾದಾಪುರ ಕಡೆಯವರು:

ಅಕ್ಕ, ಮೊದಲು ಆ "ಏನೂ ಆಗಲ್ಲ" ಅನ್ನುವುದನ್ನು ಬಿಡಿ. ನಮ್ಮ ಕೊಡಗಿನಲ್ಲಿ 2018ರಲ್ಲಿ ಆಯಿತು. 2019ರಲ್ಲಿ ತೋರ ಅನ್ನುವ ಊರಲ್ಲಿ ಆಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಮೂರೂ ಆಗಸ್ಟಿನಲ್ಲೇ. ಕಣ್ಣಾರೆ ಕಂಡವರಿಗೆ ಆಗಲ್ಲ ಅಂದರೆ, ಇವರ ಹತ್ತಿರ ಹೇಳಿ ಪ್ರಯೋಜನವಿಲ್ಲ ಅಂತ ಸುಮ್ಮನಾಗಿಬಿಡುತ್ತಾರೆ. ನಾನೂ ಅಪ್ಪನಿಗೆ ಎರಡು ವರ್ಷ ಇದನ್ನೇ ಹೇಳಿದೆ. ಈಗ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಅಪ್ಪ ಮಳೆಗಾಲದಲ್ಲಿ ಗಂಬೂಟು ಹಾಕಿಕೊಂಡೇ ಮಂಚದ ಮೇಲೆ ಮಲಗುತ್ತಿದ್ದರು. ಬೂಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಹಾಸಿಗೆ ಕೊಳೆಯಾಗದ ಹಾಗೆ. ಗುಡ್ಡ ಜಾರುವಾಗ ಹೆಲಿಕಾಪ್ಟರ್ ಬಂದ ಹಾಗೆ ಸದ್ದಾಗಿತ್ತು. ಆಮೇಲೆ ರಸ್ತೆಯಲ್ಲಿ ಲಾರಿ ಗೇರ್ ಬದಲಿಸಿದರೂ ಎದ್ದು ನಿಲ್ಲುತ್ತಿದ್ದರು. ತಲೆಗೆ ಗೊತ್ತು, ಇದು ಲಾರಿ ಅಂತ. ಮೈಗೆ ಗೊತ್ತಿಲ್ಲ. ಕೈ ನಡುಗಿ, ಬೆವರು ಕಿತ್ತುಕೊಂಡು ಬರುತ್ತಿತ್ತು.

ನಮಗೆ ದಾರಿ ಸಿಕ್ಕಿದ್ದು ಹೀಗೆ. ತೋಟದವರು ಮಳೆ ಅಳೆದು ಬರೆದಿಡುತ್ತಾರಲ್ಲ, ಇಂಚು, ಸೆಂಟು ಅಂತ? ಅಪ್ಪ ಮೂವತ್ತು ವರ್ಷ ಬರೆದಿದ್ದರು. ಆ ಡೈರಿಗಳೆಲ್ಲ ಮನೆ ಜೊತೆ ಹೋದವು. ಹೊಸ ಮನೆಗೆ ಬಂದ ಮೇಲೆ ಮಳೆ ಅಳೆಯುವುದನ್ನೇ ಬಿಟ್ಟಿದ್ದರು. ನನ್ನ ಚಿಕ್ಕಪ್ಪನ ಮಗ ಒಂದು ರೇನ್ ಗೇಜ್ ತಂದು ಅಂಗಳದಲ್ಲಿ ನೆಟ್ಟ, ಪಕ್ಕದಲ್ಲೇ ಒಂದು ಹೊಸ ಡೈರಿ ಇಟ್ಟ. ಒಂದು ವಾರ ಅಪ್ಪ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ನೋಡಿದರು. ನಾವು ಯಾರೂ ಏನೂ ಮಾತಾಡಲಿಲ್ಲ.

ಆಮೇಲೆ ಎಲ್ಲರೂ ಕೂತು ಮಾತಾಡಿಕೊಂಡೆವು. ಒಂದು ದಿನದ ಮಳೆ ಇಷ್ಟು ಇಂಚು ದಾಟಿದರೆ ಅವತ್ತು ರಾತ್ರಿ ಕುಶಾಲನಗರದ ಅತ್ತೆ ಮನೆಗೆ ಹೋಗುವುದು. ಎಷ್ಟು ಅಂತ ಅಪ್ಪನೇ ಹೇಳಿದರು. ಯಾವ ಚೀಲ, ಯಾರ ಜೀಪು, ನಾಯಿಯನ್ನು ಯಾರು ಹಿಡಿಯುವುದು, ಎಲ್ಲ ಅವರೇ ತೀರ್ಮಾನ ಮಾಡಿದರು. ಮೊದಲ ವರ್ಷ ಮೂರು ಸಲ ಹೋದೆವು. ಮೂರು ಸಲವೂ ಏನೂ ಆಗಲಿಲ್ಲ. "ಸುಮ್ನೆ ಬಂದ್ವಿ" ಅಂತ ಯಾರೂ ಅನ್ನಲಿಲ್ಲ. ಇದು ತುಂಬ ಮುಖ್ಯ ಅಕ್ಕ.

ಮೊದಲು ಅಪ್ಪ ಇಡೀ ರಾತ್ರಿ ಗುಡ್ಡ ಕಾಯುತ್ತಿದ್ದರು. ಈಗ ಹೋಗಬೇಕೋ ಇರಬೇಕೋ ಅನ್ನುವುದು ಸಂಜೆಯೇ ಇತ್ಯರ್ಥವಾಗುತ್ತದೆ. ಇರುವುದು ಅಂತಾದರೆ ಮಲಗಬಹುದು, ಅಲ್ವಾ? ನಮ್ಮ ಇಂಚಿನ ಲೆಕ್ಕ ನಮ್ಮ ಮನಸ್ಸಿನ ಸಮಾಧಾನಕ್ಕೆ ಮಾತ್ರ. ಮಳೆ ಕಮ್ಮಿ ಇದ್ದರೂ ಆಡಳಿತದವರು ಜಾಗ ಬಿಡಿ ಅಂದರೆ ಬಿಡಲೇಬೇಕು. ಹೊಸ ಬಿರುಕು ಕಂಡರೆ, ಒರತೆ ನೀರು ಕೆಂಪಾಗಿ ಬಂದರೆ ಯಾರೂ ಹೇಳುವವರೆಗೆ ಕಾಯಬಾರದು.

ಪೂರ್ತಿ ವಾಸಿಯಾಯಿತಾ ಅಂದರೆ ಇಲ್ಲ. ಆಗಸ್ಟ್ 15ರಿಂದ ಒಂದು ವಾರ ಈಗಲೂ ಊಟ ಕಮ್ಮಿ, ಮಾತು ಕಮ್ಮಿ. ಆ ವಾರ ನಾನು ರಜೆ ಹಾಕಿ ಊರಲ್ಲಿರುತ್ತೇನೆ. ಬೂಟು ಈಗ ಮಂಚದ ಕೆಳಗಿದೆ, ಪಕ್ಕದಲ್ಲಿ ಟಾರ್ಚ್.

ಮಲಪ್ರಭಾ ದಂಡೆಯ ಊರಿನವರು, ಗದಗ ಜಿಲ್ಲೆ:

ನಮ್ಮದು ಗುಡ್ಡ ಅಲ್ಲ, ಹೊಳೆ. 2019ರ ಆಗಸ್ಟಿನಲ್ಲಿ ನೀರು ಮನೆಗೆ ನುಗ್ಗಿದಾಗ ಎರಡು ಎಮ್ಮೆಗಳ ಹಗ್ಗ ಬಿಚ್ಚಿ ಬಿಟ್ಟು ಓಡಿ ಬಂದೆವು. ಒಂದು ತಿರುಗಿ ಬರಲಿಲ್ಲ. ಗಂಜಿ ಕೇಂದ್ರದಲ್ಲಿ ನಮ್ಮ ಅವ್ವ ಅದಕ್ಕೇ ಅಳುತ್ತಿದ್ದಳು. ಬಂದವರೆಲ್ಲ "ಜೀವ ಉಳೀತಲ್ಲ, ಎಮ್ಮೆ ಏನು ದೊಡ್ಡದು" ಅಂದರು. ಒಬ್ಬ ಮುದುಕಿ ಮಾತ್ರ ಹತ್ತಿರ ಕೂತು "ಎಷ್ಟು ಸೇರು ಕೊಡತಿತ್ತು?" ಅಂತ ಕೇಳಿದಳು. ಅವ್ವ ಒಂದು ತಾಸು ಆ ಎಮ್ಮೆಯ ಬಗ್ಗೆ ಮಾತಾಡಿದಳು. ಅವತ್ತು ರೊಟ್ಟಿ ತಿಂದಳು. ನಿಮ್ಮ ಅತ್ತೆಗೆ ಆ ತೋಟದ ಬಗ್ಗೆ ಯಾರಾದರೂ ಕೇಳಿದ್ದಾರಾ ತಂಗಿ?

ಇನ್ನೊಂದು ಮಾತು, ಮೊಬೈಲ್. ಮಳೆ ಬಂದ ಕೂಡಲೇ ಹಳೆಯ ವಿಡಿಯೋಗಳನ್ನು ಹೊಸದು ಅಂತ ಹಂಚುತ್ತಾರೆ. ನಮ್ಮ ಮನೆಯಲ್ಲಿ ಈಗ ಸುದ್ದಿ ನೋಡುವುದು ನಾನೊಬ್ಬನೇ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬೇಕಾದದ್ದನ್ನು ಉಳಿದವರಿಗೆ ಬಾಯಲ್ಲಿ ಹೇಳುತ್ತೇನೆ.

ಜಿಲ್ಲಾಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿ:

ಮೇಲೆ ಇಬ್ಬರೂ ಹೇಳಿದ್ದು ಸರಿಯಾಗಿದೆ. ನಾನು ಸ್ವಲ್ಪ ಸೇರಿಸುತ್ತೇನೆ. ಎಮ್ಮೆಯ ಬಗ್ಗೆ ಕೇಳಿದ ಅಜ್ಜಿ ಬಲವಂತ ಮಾಡಲಿಲ್ಲ, ಗಮನಿಸಿ. "ಅವತ್ತು ಏನಾಯಿತು, ಎಲ್ಲ ಹೇಳಿಬಿಡು, ಹಗುರ ಆಗುತ್ತೆ" ಅಂತ ಕೆದಕಬೇಡಿ. ಕೆಲವರಿಗೆ ಅದರಿಂದ ಜಾಸ್ತಿಯೇ ಆಗುತ್ತದೆ. ಅವರಾಗಿ ಹೇಳಿದರೆ ಕೇಳಿ.

ಇನ್ನೊಬ್ಬರಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ದುರಂತವಾಗಿ ಕೆಲವು ವಾರ ನಿದ್ದೆ ಬಾರದಿರುವುದು ಸಹಜ. ನಿಮ್ಮ ಅತ್ತೆಯವರದು ವರ್ಷವರ್ಷವೂ ಮರಳಿ ಬರುತ್ತಿದೆ, ಹಾಗಾಗಿ ಒಮ್ಮೆ ಡಾಕ್ಟರಿಗೆ ತೋರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗುತ್ತದೆ. ಇಂಥ ಭಯಕ್ಕೆ ಚಿಕಿತ್ಸೆ ಇದೆ, ಅರವತ್ತು ದಾಟಿದವರಿಗೂ ಫಲ ಕೊಡುತ್ತದೆ. ಅದಕ್ಕೂ ಮೊದಲು ಫೋನಿನಲ್ಲಿ ಮಾತಾಡಬೇಕು ಅಂದರೆ ಟೆಲಿ ಮನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. 2022ರಿಂದ ನಡೆಯುತ್ತಿದೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕಿ ಏನು ಪ್ರಯೋಜನ ಅನ್ನುವಂಥ ಮಾತು ಬಂದರೆ ಅಥವಾ ಊಟ ನೀರು ಬಿಟ್ಟರೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೀವು ಮೈಸೂರಿನಲ್ಲಿ ಕೂತು ಚಿಂತೆ ಮಾಡುತ್ತಾ ಎಷ್ಟು ನಿದ್ದೆ ಮಾಡುತ್ತಿದ್ದೀರಿ? ಆ 14416 ನಿಮಗೂ ಇದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಫೋನ್ ಮಾಡಿ ಮಲಗಿ ಅನ್ನಲಿಲ್ಲ. "ಹಳೇ ತೋಟದಲ್ಲಿ ಕಿತ್ತಳೆ ಗಿಡ ಎಲ್ಲಿತ್ತು ಅತ್ತೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೆರೆ ಪಕ್ಕದಿಂದ ಶುರು ಮಾಡಿ ಒಂದೊಂದೇ ಗಿಡ ಹೇಳುತ್ತಾ ಹೋದರು. ನಲವತ್ತು ನಿಮಿಷ. ಶನಿವಾರ ಊರಿಗೆ ಹೋಗುತ್ತಿದ್ದೇವೆ. ಯಾವ ಚೀಲ, ಎಲ್ಲಿಗೆ ಹೋಗುವುದು ಅಂತ ಅವರನ್ನೇ ಕೇಳುತ್ತೇನೆ.