ಸಹಾಯ ಬೇಕು: ಒಂದು ಗಂಟೆ ಹಾರಿದ್ದೇನೆ, ಇನ್‌ಸ್ಟ್ರಕ್ಟರ್ ಸಹಿ ಹಾಕುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಈಗ ಇರುವುದು ಇಂಗ್ಲೆಂಡಿನಲ್ಲಿ, ರಜೆ ಸಿಕ್ಕಾಗ ಸೆಸ್ನಾ 152 ಅನ್ನುವ ಎರಡು ಸೀಟಿನ ಪುಟ್ಟ ವಿಮಾನ ಹಾರಿಸುತ್ತೇನೆ. ಇಲ್ಲಿ ಒಂದೇ ಎಂಜಿನ್ನಿನ ವಿಮಾನದ ರೇಟಿಂಗ್ (ಅಂಥ ವಿಮಾನ ಹಾರಿಸಲು ಲೈಸೆನ್ಸಿನಲ್ಲಿ ಇರುವ ಅನುಮತಿ) 2 ವರ್ಷಕ್ಕೊಮ್ಮೆ ನವೀಕರಿಸಬೇಕು. ಪರೀಕ್ಷೆ ಬೇಡ, ಅನುಭವದ ಮೇಲೆ ಮಾಡಿಸುತ್ತೇನೆ ಅಂದರೆ ಕೊನೆಯ 12 ತಿಂಗಳಲ್ಲಿ 12 ಗಂಟೆ ಹಾರಿರಬೇಕು, ಅದರಲ್ಲಿ 6 ಗಂಟೆ ಪೈಲಟ್ ಇನ್ ಕಮಾಂಡ್ (ವಿಮಾನದ ಪೂರ್ತಿ ಹೊಣೆ ಹೊತ್ತ ಪೈಲಟ್) ಆಗಿ, 12 ಟೇಕಾಫ್, 12 ಲ್ಯಾಂಡಿಂಗ್, ಜೊತೆಗೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಕನಿಷ್ಠ 1 ಗಂಟೆ ತರಬೇತಿ. ಉಳಿದದ್ದೆಲ್ಲ ಮುಗಿದಿದೆ. ತಕರಾರು ಈ ಒಂದು ಗಂಟೆಯದು.

ಹೋದ ಶನಿವಾರ ಹಾರಿದೆವು. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಂಡಾಗ ವಿಮಾನವನ್ನು ಸರಿಪಡಿಸುವ ಅಭ್ಯಾಸ) ಚೆನ್ನಾಗಿಯೇ ಆಯಿತು. ಆಮೇಲೆ ಅವರು ಥ್ರಾಟಲ್ ಎಳೆದು ಎಂಜಿನ್ ಶಕ್ತಿ ತಗ್ಗಿಸಿ, ಎಂಜಿನ್ ನಿಂತಿದೆ ಅಂದುಕೋ ಅಂದರು. ನಾನು ಆರಿಸಿದ ಹೊಲಕ್ಕೆ ತುಂಬಾ ಎತ್ತರದಲ್ಲಿ ಬಂದೆ, ನಿಜವಾಗಿದ್ದರೆ ಆಚೆ ಬೇಲಿಗೆ ಹೋಗಿ ಗುದ್ದುತ್ತಿದ್ದೆ (ತಪ್ಪು ನನ್ನದೇ, ಒಪ್ಪುತ್ತೇನೆ). ಇಳಿದ ಮೇಲೆ, ಇನ್ನೊಂದು ಗಂಟೆ ಹಾರದೆ ಲಾಗ್‌ಬುಕ್ಕಿಗೆ ಸಹಿ ಹಾಕುವುದಿಲ್ಲ ಅಂದುಬಿಟ್ಟರು.

ಇದು ತರಬೇತಿ, ಪರೀಕ್ಷೆ ಅಲ್ಲ, ಪಾಸು ಫೇಲು ಎಲ್ಲಿಂದ ಬಂತು ಅನ್ನುವುದು ನನ್ನ ವಾದ. ಸುಮ್ನೆ ಗಂಟೆ ಕಳೆದರೆ ತರಬೇತಿ ಆಗಲ್ಲ, ನನ್ನ ಹೆಸರು ಹಾಕುವಾಗ ನನಗೂ ಜವಾಬ್ದಾರಿ ಇದೆ ಅನ್ನುವುದು ಅವರದು. ಅದೂ ಸುಳ್ಳಲ್ಲ, ಅಲ್ವಾ? ಆದರೆ ವಿಮಾನದ ಬಾಡಿಗೆ ಕೊಡುವವನು ನಾನು.

ರೇಟಿಂಗ್ ಮುಗಿಯಲು 3 ವಾರ ಇದೆ, ಹವಾಮಾನ ಬೇರೆ ನಂಬುವ ಹಾಗಿಲ್ಲ. ಇಲ್ಲಿರುವ ಇನ್‌ಸ್ಟ್ರಕ್ಟರ್‌ಗಳು ದಯವಿಟ್ಟು ಹೇಳಿ: ನೀವಾಗಿದ್ದರೆ ಸಹಿ ಹಾಕುತ್ತಿದ್ದಿರಾ? ಬೇರೆಯವರ ಹತ್ತಿರ ಹೋದರೆ ತಪ್ಪಾಗುತ್ತದೆಯೇ, ಇಲ್ಲ ನೇರವಾಗಿ ಎಕ್ಸಾಮಿನರ್ ಹತ್ತಿರ ಪ್ರಾವೀಣ್ಯ ಪರೀಕ್ಷೆಯನ್ನೇ ಕೊಟ್ಟುಬಿಡಲೇ?