ತುಮಕೂರು ಪ್ರಿಂಟ್ ಮಾಡಿದರೆ ಸಿರಾ ಅಂಟಿಕೊಂಡು ಬರುತ್ತಿದೆ (ಸಿ ಭಾಷೆ, ಸ್ಟ್ರಿಂಗ್)

ಗುಬ್ಬಿ_ಹುಡುಗ: ತಲೆ ಕೆಟ್ಟುಹೋಗಿದೆ. ನಮ್ಮ ಜಿಲ್ಲೆಯ ತಾಲ್ಲೂಕುಗಳ ಹೆಸರನ್ನು ಕ್ಯಾರೆಕ್ಟರ್ ಅರೇಯಲ್ಲಿ (ಅಕ್ಷರಗಳನ್ನು ಸಾಲಾಗಿ ಇಡುವ ಜಾಗ) ಇಟ್ಟು ಪ್ರಿಂಟ್ ಮಾಡಿಸುತ್ತಿದ್ದೇನೆ. ಹೆಸರೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿದೆ. ಗುಬ್ಬಿ ಸರಿ, ಕುಣಿಗಲ್ ಸರಿ. ಮೂರನೇ ಸಾಲಿನಲ್ಲಿ ‘ತುಮಕೂರುಸಿರಾ’ ಅಂತ ಬರುತ್ತೆ. ಕೆಳಗೆ ಸಿರಾ ಮತ್ತೆ ಬೇರೆ ಬರುತ್ತೆ! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಲೂಪ್ ಸರಿಯಾಗೇ ಇದೆ. ನಾಳೆ ಲ್ಯಾಬ್, ಯಾರಾದರೂ ಹೇಳಿ.

ಕೋಲಾರ_ಕೋಡರ್: ಬಫರ್ ಸಮಸ್ಯೆ ಗುರು. ಕೀಬೋರ್ಡ್‌ನಿಂದ ಓದೋ ಸ್ಕ್ಯಾನ್‌ಎಫ್, ನಾವು ಒತ್ತಿದ ಎಂಟರ್ ಅನ್ನು ಬಫರ್‌ನಲ್ಲೇ (ಓದೋಕೆ ಮುಂಚೆ ಅಕ್ಷರಗಳು ಕಾಯೋ ಜಾಗ) ಬಿಟ್ಟಿರುತ್ತೆ. ಅದನ್ನು ಖಾಲಿ ಮಾಡೋಕೆ ಎಫ್‌ಫ್ಲಶ್ ಹಾಕು.

ಗುಬ್ಬಿ_ಹುಡುಗ: ಸ್ಕ್ಯಾನ್‌ಎಫ್ ಇಲ್ಲವೇ ಇಲ್ಲ ಅಣ್ಣ. ಹೆಸರು ಪ್ರೋಗ್ರಾಂನಲ್ಲೇ ಬರೆದಿದ್ದೇನೆ.

ಕೋಲಾರ_ಕೋಡರ್: ಇರಲಿ, ಹಾಕಿ ನೋಡು. ನನಗೆ ಯಾವಾಗಲೂ ಅದರಲ್ಲೇ ಸರಿಹೋಗಿದೆ.

ಲ್ಯಾಬ್_ಮೇಷ್ಟ್ರು: ಇನ್‌ಪುಟ್ ಮೇಲೆ ಎಫ್‌ಫ್ಲಶ್ ಮಾಡಿದರೆ ಏನಾಗಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಹುಡುಗರಿಗೆ ಅದನ್ನು ಕಲಿಸಬೇಡಿ.

ಕೋಲಾರ_ಕೋಡರ್: ಹಳೇ ಟರ್ಬೋ ಸಿ ಕಂಪೈಲರ್‌ನಲ್ಲಿ ಚೆನ್ನಾಗೇ ನಡೆಯುತ್ತಿತ್ತು ಸಾರ್.

ಚಿಂತಾಮಣಿ_64: ಇನ್ನೂ ಟರ್ಬೋ ಸಿನಾ? ನಂದು ರೈಜನ್, 32 ಜಿಬಿ ರ್‍ಯಾಮ್, ಎರಡು ಮಾನಿಟರ್, ಆರ್ಚ್ ಲಿನಕ್ಸ್. ನೀಲಿ ಸ್ಕ್ರೀನ್ ನೋಡಿಕೊಂಡು ಕೋಡ್ ಬರೆಯೋ ಕಾಲ ಹೋಯ್ತು.

ಲ್ಯಾಬ್_ಮೇಷ್ಟ್ರು: ಅದಿರಲಿ. ತಮ್ಮ, ಅರೇ ಡಿಕ್ಲೇರ್ ಮಾಡಿದ ಸಾಲು ಹಾಕು. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೀಯ.

ಗುಬ್ಬಿ_ಹುಡುಗ: ಮಾಮೂಲಿ ಸಾರ್. 4 ಸಾಲು, ಸಾಲಿಗೆ 8. ತುಮಕೂರು ಇಂಗ್ಲಿಷ್‌ನಲ್ಲಿ 8 ಅಕ್ಷರ ಅಲ್ವಾ, ಅದಕ್ಕೇ 8.

ಲ್ಯಾಬ್_ಮೇಷ್ಟ್ರು: ಅಲ್ಲೇ ಇದೆ ನೋಡು. ಸಿಯಲ್ಲಿ ಸ್ಟ್ರಿಂಗ್ ಅಂತ ಬೇರೆ ಟೈಪ್ ಇಲ್ಲ. ಅಕ್ಷರಗಳ ಸಾಲು, ಕೊನೆಗೊಂದು ನಲ್, ಅಂದರೆ ಬ್ಯಾಕ್‌ಸ್ಲ್ಯಾಶ್ ಸೊನ್ನೆ, ಅಷ್ಟೇ. ನಿನ್ನ ಅರೇ ಎಷ್ಟುದ್ದ ಅಂತ ಪ್ರಿಂಟ್‌ಎಫ್‌ಗೆ ಗೊತ್ತಿರಲ್ಲ. ನಲ್ ಸಿಗುವವರೆಗೂ ಓದುತ್ತಾ ಹೋಗುತ್ತೆ. ಕುಣಿಗಲ್ 7 ಅಕ್ಷರ, ನಲ್ ಸೇರಿ 8, ಸರಿಯಾಗಿ ಕೂತಿದೆ. ತುಮಕೂರು ಎಂಟಕ್ಕೆ ಎಂಟೂ ತಿಂದುಬಿಟ್ಟಿದೆ, ನಲ್‌ಗೆ ಜಾಗವಿಲ್ಲ. ಇಂಥ ಅರೇಯ ಸಾಲುಗಳು ಮೆಮೊರಿಯಲ್ಲಿ ಒಂದರ ಹಿಂದೆ ಒಂದು, ನಡುವೆ ಸಂದಿಯೇ ಇಲ್ಲದೆ ಇರುತ್ತವೆ. ಹಾಗಾಗಿ ಸಿರಾವನ್ನೂ ಓದಿ, ಅದರ ನಲ್ ಹತ್ತಿರ ನಿಂತಿದೆ. ಸಿ ಇದಕ್ಕೆ ಅಡ್ಡಿ ಮಾಡಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಾದರೆ ಎರರ್ ಬರುತ್ತಿತ್ತು.

9 ಮಾಡಿ ಸುಮ್ಮನಾಗಬೇಡ. ಮಧುಗಿರಿ 9 ಅಕ್ಷರ, ಮತ್ತೆ ಇದೇ ರಾಮಾಯಣ. ಚಿಕ್ಕನಾಯಕನಹಳ್ಳಿ 19 ಅಕ್ಷರ, ನಲ್ ಸೇರಿ 20. 20 ಇಡು.

ಚಿಂತಾಮಣಿ_64: ಸಿರಾಗೂ 20 ಬೈಟಾ? ಸುಮ್ನೆ ವೇಸ್ಟ್. ಪಾಯಿಂಟರ್ ಅರೇ ಮಾಡು, ಹೆಸರಿನ ಬದಲು ಹೆಸರಿರೋ ಜಾಗದ ವಿಳಾಸ ಮಾತ್ರ ಇಡು.

ಲ್ಯಾಬ್_ಮೇಷ್ಟ್ರು: ಹತ್ತು ತಾಲ್ಲೂಕಿಗೆ 200 ಬೈಟ್. ನಿಮ್ಮ 32 ಜಿಬಿಗೆ ಭಾರವಾಗುತ್ತಾ?

ಗುಬ್ಬಿ_ಹುಡುಗ: 20 ಇಟ್ಟೆ, ಎಲ್ಲ ಸರಿ ಬಂತು ಸಾರ್! ಪಾಯಿಂಟರ್ ಅರೇನೂ ಮಾಡಿ ನೋಡಿದೆ. ಪ್ರಿಂಟ್ ಆಯ್ತು. ಆದರೆ ಗುಬ್ಬಿಯ ಮೊದಲಕ್ಷರವನ್ನು ಚಿಕ್ಕಕ್ಷರ ಮಾಡೋಕೆ ಹೋದರೆ ಸೆಗ್ಮೆಂಟೇಶನ್ ಫಾಲ್ಟ್ ಅಂತ ಪ್ರೋಗ್ರಾಂ ನಿಂತೇಹೋಗುತ್ತೆ.

ಲ್ಯಾಬ್_ಮೇಷ್ಟ್ರು: ಅಲ್ಲಿ ಪಾಯಿಂಟರ್ ತೋರಿಸುತ್ತಿರುವುದು ಸ್ಟ್ರಿಂಗ್ ಲಿಟರಲ್ ಅನ್ನು, ಅಂದರೆ ಕೋಡ್‌ನಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆದ ಹೆಸರನ್ನು. ಅದನ್ನು ಓದಬಹುದು, ತಿದ್ದುವಂತಿಲ್ಲ. ಅರೇಯಲ್ಲಾದರೆ ಅಕ್ಷರಗಳು ನಿನ್ನ ಜಾಗಕ್ಕೇ ಕಾಪಿ ಆಗಿರುತ್ತವೆ, ಏನು ಬೇಕಾದರೂ ತಿದ್ದಿಕೋ.

ಚಿಂತಾಮಣಿ_64: ಕಾನ್ಸ್ಟ್, ಅಂದರೆ ‘ತಿದ್ದಬಾರದು’ ಅನ್ನೋ ಗುರುತು, ಹಾಕಿದ್ದರೆ ಕಂಪೈಲರೇ ಹಿಡಿದುಹಾಕುತ್ತಿತ್ತು.

ಗುಬ್ಬಿ_ಹುಡುಗ: ಎಲ್ಲಿ ಹಾಕಬೇಕು? ಪಾಯಿಂಟರ್‌ನ ಸ್ಟಾರ್‌ಗೆ (*) ಮುಂಚೆನಾ, ಆಮೇಲಾ?

ಲ್ಯಾಬ್_ಮೇಷ್ಟ್ರು: ಮುಂಚೆ.